ಸಂಘದ ಕಾರ್ಡ್ ಇಲ್ಲದವರು ಸಿನಿಮಾ ಪಾತ್ರ ಕೇಳುವುದು ಹೇಗೆ? ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಹದಿನೆಂಟು ವರ್ಷದಿಂದ ಹವ್ಯಾಸಿ ನಾಟಕ ಮಾಡಿಕೊಂಡು ಬಂದಿದ್ದೇನೆ. ನಡುವೆ ಕೆಲವು ಸಿನಿಮಾಗಳಲ್ಲಿ ಸಣ್ಣ ಪಾತ್ರಗಳನ್ನೂ ಮಾಡಿದ್ದೇನೆ. ಅದರಲ್ಲಿ ಒಂದೂ ಶಿಫಾರಸಿನಿಂದ ಬಂದದ್ದಲ್ಲ. ನಾನೇ ಫೋಟೋ ಕಳಿಸಿ, ನಾನೇ ವಿಡಿಯೊ ಕಳಿಸಿ ಕೇಳಿಕೊಂಡ ಪಾತ್ರಗಳು. ಕಲಾಮಂದಿರದಲ್ಲಿ ನಾಟಕ ಮುಗಿದ ಮೇಲೆ, ಊರಿನ ಮದುವೆ ಮನೆಗಳಲ್ಲಿ, ಮಂಡ್ಯದ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಲಾವಿದರ ಸಂಘದ ಸದಸ್ಯ ಆಗದೆ ಸಿನಿಮಾದಲ್ಲಿ ನಟಿಸಬಹುದಾ?

ನಟಿಸಬಹುದು. ಕನ್ನಡ ಸಿನಿಮಾದಲ್ಲಿ ಮೊದಲ ಪಾತ್ರ ಮಾಡುವವರ ಹತ್ತಿರ ಸಾಮಾನ್ಯವಾಗಿ ಯಾವ ಕಾರ್ಡೂ ಇರುವುದಿಲ್ಲ. ಕರ್ನಾಟಕ ಚಲನಚಿತ್ರ ಕಲಾವಿದರ ಸಂಘ ಬೆಂಗಳೂರಿನ ಚಾಮರಾಜಪೇಟೆಯಲ್ಲಿದೆ. ನಾಲ್ಕಾರು ಸಿನಿಮಾ ಮಾಡಿದ ಮೇಲೆ ಅದಕ್ಕೆ ಸೇರುವ ಯೋಚನೆ ಮಾಡಿ. ಮೊದಲ ಪಾತ್ರ ಕೇಳುವುದಕ್ಕೆ ಅದು ಬೇಕಿಲ್ಲ.

ಗೊಂದಲ ಆಗುವುದು ಇಲ್ಲಿ: ಜಾತ್ರೆ, ಸಂತೆ, ಕೋರ್ಟು ಇಂಥ ದೃಶ್ಯಗಳಿಗೆ ಜನ ತುಂಬಿಸುವವರು ಜೂನಿಯರ್ ಆರ್ಟಿಸ್ಟ್ ಏಜೆಂಟರು. ಆ ಕೆಲಸಕ್ಕೆ ಬೇರೆ ಸಂಘಟನೆ, ಬೇರೆ ಲೆಕ್ಕ ಇದೆ. ಅಲ್ಲಿ ಕಾರ್ಡ್ ಇದೆಯಾ ಅಂತ ಕೇಳಬಹುದು. ಮಾತಿರುವ ಪಾತ್ರದ ದಾರಿ ಅದಲ್ಲ. ಒಂದೇ ಒಂದು ಸಾಲು ಮಾತಿದ್ದರೂ ಆ ಪಾತ್ರಕ್ಕೆ ಯಾರು ಅಂತ ನೋಡುವುದು ನಿರ್ದೇಶಕರ ತಂಡ. ನೀವು ತಲುಪಬೇಕಾದದ್ದು ಅವರನ್ನು.

ಇಂಟರ್‌ನೆಟ್‌ನಲ್ಲಿ ‘ಯೂನಿಯನ್’, ‘ನಾನ್ ಯೂನಿಯನ್’ ಅಂತ ಓದಿದೆ. ಅದು ನಮಗೂ ಅನ್ವಯಿಸುತ್ತಾ?

ಅದು ಅಮೆರಿಕದ ಮಾತು. ಅಲ್ಲಿ ನಟರ ಸಂಘ 1933ರಲ್ಲಿ ಶುರುವಾಯಿತು. 2012ರಲ್ಲಿ ಇನ್ನೊಂದು ಸಂಘದ ಜೊತೆ ಸೇರಿ ಸ್ಯಾಗ್-ಆಫ್ಟ್ರಾ ಆಯಿತು. ಅದರ ಸದಸ್ಯರು ಸಂಘದ ಒಪ್ಪಂದ ಇಲ್ಲದ ಚಿತ್ರದಲ್ಲಿ ನಟಿಸುವಂತಿಲ್ಲ. ಸದಸ್ಯರಲ್ಲದವರನ್ನು ಸಂಘದ ಚಿತ್ರಕ್ಕೆ ತೆಗೆದುಕೊಳ್ಳಬೇಕಾದರೆ ನಿರ್ಮಾಪಕರು ಕಾರಣ ಬರೆದು ಕೊಡಬೇಕು. ಅದಕ್ಕೆ ದಾರಿ ಮಾಡಿಕೊಟ್ಟದ್ದು 1947ರ ಒಂದು ಕಾನೂನು. ಹಾಗಾಗಿ ಅಲ್ಲಿ ಸಂಘದ ಹೊರಗಿನ ನಟರು ಬ್ಯಾಕ್‌ಸ್ಟೇಜ್, ಆಕ್ಟರ್ಸ್ ಆ್ಯಕ್ಸೆಸ್ ಥರದ ತಾಣಗಳಲ್ಲಿ ತಮ್ಮ ಹೆಸರನ್ನು ತಾವೇ ಕಳಿಸುತ್ತಾರೆ. ‘ಸಂಘದವರಲ್ಲದವರೂ ಬರಬಹುದು’ ಅಂತ ಹಾಕಿರುವ ಪಾತ್ರಗಳನ್ನೇ ಹುಡುಕುತ್ತಾರೆ.

ನಮ್ಮಲ್ಲಿ ಅಂಥ ಗೋಡೆ ಇಲ್ಲ. ಆದರೆ ಅವರಿಂದ ಒಂದು ಅಭ್ಯಾಸ ಕಲಿಯಬೇಕು. ಅವರು ಯಾರೋ ಕರೆಯಲಿ ಅಂತ ಕಾಯುವುದಿಲ್ಲ. ಫೋಟೋ, ವಿಡಿಯೊ, ವಿವರ ಮೂರನ್ನೂ ಸದಾ ತಯಾರಿಟ್ಟುಕೊಂಡು ಪಾತ್ರ ಕಂಡ ದಿನವೇ ಕಳಿಸುತ್ತಾರೆ.

ಪಾತ್ರಕ್ಕೆ ದುಡ್ಡು ಕೊಡಬೇಕಾ?

ಬೇಡ. ಒಂದು ರೂಪಾಯಿಯೂ ಬೇಡ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ. ಯಾಕೆಂದರೆ ನಮ್ಮ ಕಡೆಯವರು ಇಲ್ಲಿ ಜಾಸ್ತಿ ಮೋಸ ಹೋಗುತ್ತಾರೆ. ಅದಕ್ಕೆ ಒಂದು ಕಾರಣ ನಮ್ಮೂರಿನಲ್ಲೇ ಇದೆ.

ಮಂಡ್ಯ, ಮೈಸೂರು ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಪಾತ್ರಧಾರಿಗಳೇ ದುಡ್ಡು ಹಾಕುವುದು ವಾಡಿಕೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸಾರಥಿಗೆ ಇಷ್ಟು ಅಂತ ಮಾತಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರಿಗೆ ಆ ದುಡ್ಡೇ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಅದು ಊರಿನ ಹಬ್ಬ. ಎಲ್ಲರೂ ಸೇರಿ ಮಾಡುವ ಖರ್ಚು. ನಮ್ಮ ತಂದೆ ಭೀಮನ ಪಾತ್ರಕ್ಕೆ ಎಷ್ಟೋ ಸಲ ಹಾಗೆ ಹಣ ಕಟ್ಟಿದ್ದಾರೆ. ನಮಗೆ ಅದು ಹೆಮ್ಮೆಯ ವಿಷಯ.

ಆದರೆ ಈ ಅಭ್ಯಾಸ ಮನಸ್ಸಿನಲ್ಲಿ ಇರುವುದರಿಂದಲೇ ಯಾರೋ ಬಂದು “ಪಾತ್ರ ಇದೆ, ಇಷ್ಟು ಕಟ್ಟಿ” ಅಂದಾಗ ನಮಗೆ ವಿಚಿತ್ರ ಅನಿಸುವುದಿಲ್ಲ. ಸಿನಿಮಾದ ಲೆಕ್ಕ ತಿರುಗಾ ಮುರುಗಾ. ಅಲ್ಲಿ ದುಡ್ಡು ಹಾಕುವವರು ನಿರ್ಮಾಪಕರು. ನಿಮ್ಮ ಕೆಲಸಕ್ಕೆ ಅವರು ನಿಮಗೆ ಕೊಡಬೇಕು. ನೋಂದಣಿ ಫೀಸು, ಆರ್ಟಿಸ್ಟ್ ಕಾರ್ಡ್, ಪೋರ್ಟ್‌ಫೋಲಿಯೊ ಶೂಟ್, ಕಾಸ್ಟ್ಯೂಮ್ ಡೆಪಾಸಿಟ್, ವರ್ಕ್‌ಶಾಪ್ ಮಾಡಿದರೆ ಪಾತ್ರ ಗ್ಯಾರಂಟಿ: ಹೆಸರು ಯಾವುದೇ ಇರಲಿ, ಪಾತ್ರ ತೋರಿಸಿ ನಿಮ್ಮಿಂದ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ನಾನೂ ಒಮ್ಮೆ ಕಟ್ಟಿದ್ದೇನೆ. 2011ರಲ್ಲಿ, ಆರ್ಟಿಸ್ಟ್ ಕಾರ್ಡ್ ಮಾಡಿಸಿಕೊಡುತ್ತೇನೆ ಅಂದವರಿಗೆ ಎಂಟು ಸಾವಿರ ರೂಪಾಯಿ. ಕಾರ್ಡ್ ಕೈಗೆ ಬಂತು. ಲ್ಯಾಮಿನೇಷನ್ ಮಾಡಿದ್ದರು, ನನ್ನ ಫೋಟೋ ಇತ್ತು, ಸೀಲ್ ಕೂಡ ಇತ್ತು. ಅದನ್ನು ತೋರಿಸಿದ ಮೊದಲ ಸೆಟ್‌ನಲ್ಲೇ ಒಬ್ಬ ಸಹ ನಿರ್ದೇಶಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಯಾರೂ ಕೇಳಲ್ಲ ಅಣ್ಣ, ನೀವು ಡೈಲಾಗ್ ಹೇಳಿ” ಅಂದರು. ಹೇಳಿದೆ. ಪಾತ್ರ ಸಿಕ್ಕಿತು.

ಹಣ ಆಗಲೇ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಆಡಿಷನ್ ಇದೆ ಅಂತ ಗೊತ್ತಾಗುವುದು ಎಲ್ಲಿಂದ?

ಈಗ ಬಹುಪಾಲು ಕರೆಗಳು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಬರುತ್ತವೆ. ಒಂದು ಪೋಸ್ಟರ್, ಅದರಲ್ಲಿ ವಯಸ್ಸು, ಊರಿನ ಭಾಷೆ, ಕಳಿಸಬೇಕಾದ ಇಮೇಲ್ ಅಥವಾ ವಾಟ್ಸಾಪ್ ನಂಬರ್. ಅದನ್ನು ಹಂಚಿಕೊಂಡವರ ಪುಟದಿಂದ ನಂಬರ್ ತೆಗೆದುಕೊಳ್ಳಬೇಡಿ. ನಿರ್ಮಾಣ ಸಂಸ್ಥೆಯ ಅಥವಾ ನಿರ್ದೇಶಕರ ಸ್ವಂತ ಪುಟಕ್ಕೆ ಹೋಗಿ, ಅಲ್ಲೂ ಅದೇ ಪೋಸ್ಟರ್ ಇದೆಯಾ ನೋಡಿ. ಪಾತ್ರಕ್ಕೆ ನಟರನ್ನು ಆರಿಸುವ ಕಾಸ್ಟಿಂಗ್ ಡೈರೆಕ್ಟರ್‌ಗಳನ್ನು, ಸಹ ನಿರ್ದೇಶಕರನ್ನು ಫಾಲೋ ಮಾಡಿ. ನಿರ್ದೇಶಕರಿಗಿಂತ ಸಹ ನಿರ್ದೇಶಕರ ಪುಟದಲ್ಲೇ ಸಣ್ಣ ಪಾತ್ರಗಳ ಕರೆ ಮೊದಲು ಕಾಣಿಸುತ್ತದೆ.

ಎರಡನೇ ದಾರಿ ನಾಟಕ. ಮೈಸೂರಿನವರಿಗೆ ಇದು ದೊಡ್ಡ ಅನುಕೂಲ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಇಲ್ಲಿದೆ. ಮಂಡ್ಯ ರಮೇಶ್ ಅವರ ‘ನಟನ’ ರಂಗಶಾಲೆ ಇದೆ. ಇನ್ನೂ ಎಷ್ಟೋ ತಂಡಗಳಿವೆ. ಸಿನಿಮಾದವರು ಈ ಭಾಗದಲ್ಲಿ ಚಿತ್ರೀಕರಣಕ್ಕೆ ಬಂದಾಗ ಸ್ಥಳೀಯ ನಟರು ಬೇಕಾದರೆ ಮೊದಲು ವಿಚಾರಿಸುವುದು ರಂಗತಂಡಗಳನ್ನೇ. ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಲು ಬಂದವರಲ್ಲಿ ಒಬ್ಬರು ಸಹ ನಿರ್ದೇಶಕರು ಇರುವುದು ಅಪರೂಪವೇನಲ್ಲ.

ಮೂರನೇ ದಾರಿ ಕಾಲೇಜು ಹುಡುಗರ ಕಿರುಚಿತ್ರ. ಮೈಸೂರಿನಲ್ಲಿ ಪತ್ರಿಕೋದ್ಯಮ, ದೃಶ್ಯ ಸಂವಹನ ಓದುವ ಮಕ್ಕಳು ಪ್ರತಿ ವರ್ಷ ಚಿತ್ರ ಮಾಡುತ್ತಾರೆ. ಅವರಿಗೆ ಅಪ್ಪ, ಅಜ್ಜಿ, ಮೇಷ್ಟ್ರು, ಪೊಲೀಸ್ ಪಾತ್ರಕ್ಕೆ ದೊಡ್ಡವರು ಸಿಗುವುದಿಲ್ಲ. ನಲವತ್ತು ದಾಟಿದವರು ಹೋಗಿ ಕೇಳಿದರೆ ಖುಷಿಯಿಂದ ಕರೆಯುತ್ತಾರೆ. ದುಡ್ಡು ಇರುವುದಿಲ್ಲ, ಊಟ ಇರುತ್ತದೆ. ಆದರೆ ಕ್ಯಾಮೆರಾ ಮುಂದೆ ನೀವು ಹೇಗೆ ಕಾಣುತ್ತೀರಿ ಅಂತ ತೋರಿಸಲು ಒಂದು ತುಣುಕು ಕೈಗೆ ಬರುತ್ತದೆ. ಇವತ್ತಿನ ಆ ಹುಡುಗರಲ್ಲೇ ಕೆಲವರು ನಾಲ್ಕು ವರ್ಷದಲ್ಲಿ ಬೆಂಗಳೂರಿನಲ್ಲಿ ಸಹ ನಿರ್ದೇಶಕರಾಗಿರುತ್ತಾರೆ.

ಕರೆ ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಬ್ಯಾನರ್ ಅಂದರೆ ನಿರ್ಮಾಣ ಸಂಸ್ಥೆಯ ಹೆಸರು, ನಿರ್ದೇಶಕರ ಹೆಸರು, ಚಿತ್ರದ ಹೆಸರು ಕೇಳಿ. ನಮ್ಮಲ್ಲಿ ನಿರ್ಮಾಪಕರು ಚಿತ್ರದ ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಂಥ ಕಡೆ ನೋಂದಾಯಿಸುತ್ತಾರೆ. “ಟೈಟಲ್ ರಿಜಿಸ್ಟರ್ ಆಗಿದೆಯಾ ಸರ್?” ಅಂತ ಮರ್ಯಾದೆಯಿಂದ ಕೇಳುವುದರಲ್ಲಿ ಏನೂ ತಪ್ಪಿಲ್ಲ. ನಿಜವಾದವರು ಉತ್ತರ ಕೊಡುತ್ತಾರೆ. ಹೆಸರು ಇನ್ನೂ ಇಟ್ಟಿಲ್ಲ ಅಂದರೂ ಸರಿ, ಹಿಂದೆ ಏನು ಕೆಲಸ ಮಾಡಿದ್ದಾರೆ ಅಂತ ಹೇಳುತ್ತಾರೆ. ಸಿಟ್ಟಾಗುವವರನ್ನು ಬಿಟ್ಟುಬಿಡಿ.

ದೊಡ್ಡ ನಿರ್ಮಾಣ ಸಂಸ್ಥೆಗಳ ಹೆಸರಿನಲ್ಲಿ ನಕಲಿ ಆಡಿಷನ್ ಕರೆಗಳೂ ಬರುತ್ತವೆ. ಪೋಸ್ಟರ್ ಚೆನ್ನಾಗಿದೆ ಅಂತ ನಂಬಬೇಡಿ. ಪೋಸ್ಟರ್ ಮಾಡಲು ಈಗ ಹತ್ತು ನಿಮಿಷ ಸಾಕು.

ಫೋಟೋ ಸ್ಟುಡಿಯೊಗೆ ಹೋಗಬೇಕಾ?

ಬೇಕಿಲ್ಲ. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮನೆ ಜಗಲಿಯ ನೆರಳಿನಲ್ಲಿ, ಬೆಳಕಿನ ಕಡೆ ಮುಖ ಮಾಡಿ ನಿಲ್ಲಿ. ಮನೆಯವರ ಕೈಯಲ್ಲಿ ಫೋನ್ ಕೊಡಿ. ಮುಖದ್ದೊಂದು, ಸೊಂಟದವರೆಗೆ ಒಂದು, ನಿಂತಿರುವ ಪೂರ್ತಿ ಫೋಟೋ ಒಂದು, ಪಕ್ಕಕ್ಕೆ ತಿರುಗಿದ್ದು ಒಂದು. ನಾಲ್ಕು ಸಾಕು. ಹಿಂದೆ ಖಾಲಿ ಗೋಡೆ ಇರಲಿ. ಕೂಲಿಂಗ್ ಗ್ಲಾಸ್ ಬೇಡ, ಫಿಲ್ಟರ್ ಖಂಡಿತ ಬೇಡ. ಫೋಟೋ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು.

ತಲೆ ನೆರೆತಿದ್ದರೆ ನೆರೆತೇ ಇರಲಿ. ಹೊಟ್ಟೆ ಇದ್ದರೆ ಕಾಣಲಿ. ಆ ಪಾತ್ರಕ್ಕೆ ಅವರು ಹುಡುಕುತ್ತಿರುವುದು ಬಹುಶಃ ಅಂಥ ಒಬ್ಬ ಚಿಕ್ಕಪ್ಪನನ್ನೇ. ಫೋಟೋ ನೋಡಿ ಕರೆದವರು ಎದುರಿಗೆ ಬೇರೆ ಮನುಷ್ಯನನ್ನು ಕಂಡರೆ ಅವರ ಅರ್ಧ ದಿನ ಹಾಳು, ನಿಮ್ಮ ಬಸ್ ಚಾರ್ಜೂ ಹಾಳು.

ಪ್ರೊಫೈಲ್‌ನಲ್ಲಿ ಏನು ಬರೆಯಬೇಕು?

ಒಂದೇ ಪುಟ. ಹೆಸರು, ವಯಸ್ಸು, ಎಷ್ಟು ವಯಸ್ಸಿನ ಪಾತ್ರಕ್ಕೆ ಹೊಂದುತ್ತೀರಿ, ಎತ್ತರ, ಊರು, ಫೋನ್, ಮಾತಾಡುವ ಭಾಷೆಗಳು, ನಟನೆಯ ಅನುಭವ, ವಿಡಿಯೊ ಲಿಂಕ್. ಮನೆ ವಿಳಾಸ, ಆಧಾರ್ ನಂಬರ್, ಜಾತಿ ಯಾವುದೂ ಬೇಡ.

ಬರುವ ವಿದ್ಯೆಗಳನ್ನು ಮಾತ್ರ ಬಿಡದೆ ಬರೆಯಿರಿ. ನಮ್ಮವರು ‘ಡ್ಯಾನ್ಸ್, ಫೈಟ್’ ಅಂತ ಬರೆದು ನಿಜವಾಗಿ ಬರುವುದನ್ನು ಬಿಟ್ಟುಬಿಡುತ್ತಾರೆ. ಎತ್ತಿನ ಗಾಡಿ ಹೊಡೆಯಲು ಬರುತ್ತದೆಯಾ? ಟ್ರ್ಯಾಕ್ಟರ್? ಕಬ್ಬು ಕಡಿಯಲು? ಆಲೆಮನೆಯಲ್ಲಿ ಬೆಲ್ಲ ಕಾಸಲು? ಸೋಬಾನೆ ಪದ, ಕೋಲಾಟ, ಪೂಜಾ ಕುಣಿತ, ತಮಟೆ? ನಾಲೆಯಲ್ಲಿ ಈಜು? ಇವೆಲ್ಲ ಬೆಂಗಳೂರಿನ ಜಿಮ್‌ನಿಂದ ಬರುವ ಹುಡುಗನಿಗೆ ಬರುವುದಿಲ್ಲ. ಬರದೇ ಇರುವುದನ್ನು ಮಾತ್ರ ಬರೆಯಬೇಡಿ. ಈಜು ಬರುತ್ತದೆ ಅಂತ ಸುಳ್ಳು ಬರೆದು ನೀರಿಗೆ ಇಳಿಯುವುದು ಜೀವಕ್ಕೇ ಅಪಾಯ.

ಸೆಲ್ಫ್ ಟೇಪ್ ಅಂದರೇನು? ಮನೆಯಲ್ಲೇ ಹೇಗೆ ಮಾಡುವುದು?

ಅವರು ಕಳಿಸಿದ ಸಂಭಾಷಣೆಯನ್ನು ನೀವೇ ಅಭಿನಯಿಸಿ, ಫೋನಿನಲ್ಲಿ ಚಿತ್ರೀಕರಿಸಿ ಕಳಿಸುವುದು. ಈಗ ಮೊದಲ ಸುತ್ತು ಹೆಚ್ಚಾಗಿ ಹೀಗೇ ನಡೆಯುತ್ತದೆ. ಊರಲ್ಲಿ ಇರುವವರಿಗೆ ಇದರಷ್ಟು ಒಳ್ಳೆಯ ಕಾಲ ಹಿಂದೆ ಇರಲಿಲ್ಲ. ಬೆಂಗಳೂರಿನ ಗಾಂಧಿನಗರದ ಸಿನಿಮಾ ಆಫೀಸಿನ ಮೆಟ್ಟಿಲ ಮೇಲೆ ದಿನಗಟ್ಟಲೆ ಕಾಯುವುದು ತಪ್ಪಿದೆ.

ಪಾಂಡವಪುರ ಕಡೆಯ ಒಬ್ಬ ಅಕ್ಕನ ವಿಡಿಯೊ ಮಾಡಲು ನಾನು ಒಂದು ಜನವರಿಯಲ್ಲಿ ಹೋಗಿದ್ದೆ. ಸ್ಟೇಷನ್‌ನಲ್ಲಿ ಕೂತ ಮಗನನ್ನು ಬಿಡಿಸಿಕೊಳ್ಳಲು ಬಂದ ತಾಯಿಯ ಪಾತ್ರ. ಮೂರು ಸಾಲು ಮಾತು. ಮೊದಲು ಹಾಲ್‌ನಲ್ಲಿ ಮಾಡಿದೆವು. ಪಕ್ಕದ ಮನೆಯ ಮಿಕ್ಸಿ ಶಬ್ದ ಪೂರ್ತಿ ಬಂತು. ರೇಷ್ಮೆ ಸೀರೆ ಉಟ್ಟಿದ್ದರು, ನಿಂತು ಎರಡೂ ಕೈ ಆಡಿಸುತ್ತಾ ಜೋರಾಗಿ ಅತ್ತರು. ನೋಡಿದರೆ ಅವರಿಗೇ ಸರಿ ಬರಲಿಲ್ಲ. ಸೀರೆ ಬದಲಿಸಿ ಬಂದು, ಸುಮ್ನೆ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸತೊಡಗಿದರು. “ಹಂಗೇ ಹೇಳಿ ಅಕ್ಕ” ಅಂದೆ. ಫೋನನ್ನು ರಾಗಿ ಡಬ್ಬದ ಮೇಲೆ, ಒಂದು ಚೊಂಬಿಗೆ ಒರಗಿಸಿ, ಕಣ್ಣಿನ ಎತ್ತರಕ್ಕೆ ಇಟ್ಟೆವು. ಮಾತು ಹೇಳುತ್ತಾ ಅವರ ಬೆರಳು ಕಾಯಿ ಸುಲಿಯುತ್ತಲೇ ಇತ್ತು. ‘ಊಟ ಮಾಡಿದ್ನಾ ಅವ್ನು’ ಅನ್ನುವ ಸಾಲಿಗೆ ಬಂದಾಗ ಬೆರಳು ನಿಂತಿತು. ಕಾಳು ಕೈಯಲ್ಲೇ ಉಳಿಯಿತು. ಅಷ್ಟೇ. ಆ ಪಾತ್ರ ಅವರಿಗೆ ಸಿಕ್ಕಿತು.

ಇನ್ನು ಕೆಲಸದ ವಿವರ. ಫೋನ್ ಅಡ್ಡ ಹಿಡಿಯಿರಿ, ಅವರು ಉದ್ದ ಕೇಳಿದರೆ ಮಾತ್ರ ಉದ್ದ. ಕೈಯಲ್ಲಿ ಹಿಡಿದು ತೆಗೆಯಬೇಡಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಫ್ಯಾನ್ ಆರಿಸಿ, ಟಿವಿ ಆರಿಸಿ. ಎದೆಯಿಂದ ಮೇಲಕ್ಕೆ ಕಾಣಲಿ. ಎದುರು ಪಾತ್ರದ ಮಾತು ಹೇಳಲು ಒಬ್ಬರನ್ನು ಕ್ಯಾಮೆರಾದ ಪಕ್ಕದಲ್ಲೇ ಕೂರಿಸಿ, ಅವರನ್ನು ನೋಡಿ ಮಾತಾಡಿ. ಅವರು ಮೆಲ್ಲಗೆ ಹೇಳಲಿ. ಕ್ಯಾಮೆರಾ ಹತ್ತಿರ ಇರುವವರ ದನಿಯೇ ಜಾಸ್ತಿ ಕೇಳುತ್ತದೆ. ಮೊದಲಿಗೆ ಅಥವಾ ಬೇರೆ ಕ್ಲಿಪ್‌ನಲ್ಲಿ ಹೆಸರು, ವಯಸ್ಸು, ಎತ್ತರ, ಊರು ಹೇಳಿ, ಎರಡೂ ಪಕ್ಕ ತಿರುಗಿ ತೋರಿಸಿ. ಹಿನ್ನೆಲೆ ಸಂಗೀತ ಹಾಕಬೇಡಿ. ಎರಡು ನಿಮಿಷ ಮೀರಬೇಡಿ.

ಕಳಿಸುವಾಗ ಎರಡು ತಪ್ಪು ಆಗುತ್ತದೆ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಗೂಗಲ್ ಡ್ರೈವ್ ಲಿಂಕ್ ಕಳಿಸಿದರೆ, ಲಿಂಕ್ ಇರುವ ಯಾರಾದರೂ ನೋಡಬಹುದು ಅನ್ನುವ ಆಯ್ಕೆ ಒತ್ತಿರಬೇಕು. ಇಲ್ಲದಿದ್ದರೆ ಅವರಿಗೆ ತೆರೆಯುವುದಿಲ್ಲ. ಇನ್ನೂರು ಜನರ ವಿಡಿಯೊ ನೋಡುತ್ತಿರುವವರು ನಿಮ್ಮ ಅನುಮತಿಗಾಗಿ ಕಾಯುವುದಿಲ್ಲ. ಕಳಿಸುವ ಮೊದಲು ಮನೆಯ ಇನ್ನೊಬ್ಬರ ಫೋನಿನಲ್ಲಿ ತೆರೆದು ನೋಡಿ. ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಇಡಿ.

ಊರ ನಾಟಕದಲ್ಲಿ ದುರ್ಯೋಧನ ಮಾಡಿದ್ದೇನೆ. ಅದು ಅನುಭವ ಅನ್ನಿಸಿಕೊಳ್ಳುತ್ತಾ?

ಖಂಡಿತ. ಹೆಮ್ಮೆಯಿಂದ ಬರೆಯಿರಿ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಿಂತು ಹಾಡಿ ಮಾತಾಡುವ ದಮ್ಮು ಎಲ್ಲರಿಗೂ ಇರುವುದಿಲ್ಲ. ನೂರಾರು ಸಾಲು ಬಾಯಿಪಾಠ ಇರುತ್ತದೆ.

ಆದರೆ ಮೈದಾನದ ಕೊನೆಯಲ್ಲಿ ಚಾಪೆ ಹಾಕಿ ಕೂತವರಿಗೆ ತಲುಪಲಿ ಅಂತ ಕಲಿತ ದನಿ ಅದು. ಕ್ಯಾಮೆರಾ ನಿಮ್ಮಿಂದ ಮೂರಡಿ ದೂರ ಇರುತ್ತದೆ. ಎದುರಿಗೆ ಕೂತ ಅಣ್ಣನ ಜೊತೆ ಮಾತಾಡಿದಷ್ಟು ದನಿ ಸಾಕು. ಹುಬ್ಬು ಏರಿಸಿದರೆ ಪರದೆ ಮೇಲೆ ಅದು ಮಾರುದ್ದ ಕಾಣುತ್ತದೆ. ನಾನು ಇದನ್ನು ಬಿಡಿಸಿಕೊಳ್ಳಲು ಎರಡು ವರ್ಷ ತೆಗೆದುಕೊಂಡೆ. ಒಂದೇ ಮಾತನ್ನು ಮೊದಲು ನಾಟಕದ ದನಿಯಲ್ಲಿ, ಆಮೇಲೆ ಮಲಗಿರುವ ಮಗು ಏಳದ ಹಾಗೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ನನ್ನ ಮಾತು ಪಕ್ಕಾ ಮಂಡ್ಯ. ಸರಿ ಮಾಡಿಕೊಳ್ಳಬೇಕಾ?

‘ಸರಿ’ ಮಾಡಿಕೊಳ್ಳುವಂಥದ್ದು ಅದರಲ್ಲಿ ಏನಿದೆ? ‘ಹೋಯ್ತೀನಿ’, ‘ಬತ್ತೀನಿ’, ‘ಮಡಗು’, ‘ಏನ್ಲಾ’ ಇವೆಲ್ಲ ಬಾಯಿಗೆ ತಾನಾಗಿ ಬರುವವರನ್ನು ಹುಡುಕಿಕೊಂಡು ಸಿನಿಮಾದವರು ನಮ್ಮ ಕಡೆ ಬರುತ್ತಾರೆ. ಬೇರೆ ಊರಿನವರು ಆಡಿದ ಮಂಡ್ಯದ ಮಾತು ನಮಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ, ಅಲ್ವಾ? ಅದನ್ನು ಪ್ರೊಫೈಲ್‌ನಲ್ಲಿ ಭಾಷೆಗಳ ಸಾಲಿನಲ್ಲೇ ಬರೆಯಿರಿ: ಮಂಡ್ಯ ಕಡೆಯ ಕನ್ನಡ.

ಜೊತೆಗೆ ಬರೆಯುವ ಕನ್ನಡವನ್ನು ತಡವರಿಸದೆ ಹೇಳಲು ದಿನಾ ಹತ್ತು ನಿಮಿಷ ಪೇಪರ್ ಜೋರಾಗಿ ಓದಿ. ವಕೀಲ, ಡಾಕ್ಟರ್ ಪಾತ್ರ ಬಂದಾಗ ಬೇಕಾಗುತ್ತದೆ.

ಯಾರಿಗೆ, ಹೇಗೆ ಬರೆದು ಕಳಿಸುವುದು?

ಪೋಸ್ಟರ್‌ನಲ್ಲಿ ಎಲ್ಲಿಗೆ ಕಳಿಸಿ ಅಂದಿದ್ದಾರೋ ಅಲ್ಲಿಗೇ. ಇಮೇಲ್ ಕೊಟ್ಟಿದ್ದರೆ ವಾಟ್ಸಾಪ್‌ನಲ್ಲಿ ಕಾಡಬೇಡಿ. ‘ಹಾಯ್’ ಅಂತ ಬರೆದು ಉತ್ತರಕ್ಕೆ ಕಾಯಬೇಡಿ. ಒಂದೇ ಸಂದೇಶದಲ್ಲಿ ಎಲ್ಲ ಮುಗಿಯಲಿ. ಹೀಗೆ:

“ನಮಸ್ಕಾರ ಸರ್. ನೀವು ಕೇಳಿದ ಹೋಟೆಲ್ ಮಾಲೀಕನ ಪಾತ್ರಕ್ಕೆ ಕಳಿಸುತ್ತಿದ್ದೇನೆ. ವಯಸ್ಸು 46, ಎತ್ತರ 5 ಅಡಿ 6 ಇಂಚು, ಊರು ಮದ್ದೂರು. ಹತ್ತು ವರ್ಷದಿಂದ ಹವ್ಯಾಸಿ ನಾಟಕ. ಮಂಡ್ಯ ಕಡೆಯ ಕನ್ನಡ ಸಹಜವಾಗಿ ಬರುತ್ತದೆ. ನಾಲ್ಕು ಫೋಟೋ, ಒಂದು ವಿಡಿಯೊ ಇದೆ. ಈ ತಿಂಗಳ 10ರ ನಂತರ ಯಾವ ದಿನವಾದರೂ ಬರಬಲ್ಲೆ.”

ಕೆಳಗೆ ಹೆಸರು, ಫೋನ್. ಇಷ್ಟೇ. ಬಾಲ್ಯದ ಕನಸು, ಮನೆಯ ಕಷ್ಟ ಅಲ್ಲಿ ಬೇಡ. ಕೇಳಿದ ವಯಸ್ಸಿಗೆ ಹತ್ತು ವರ್ಷ ಆಚೀಚೆ ಇದ್ದರೆ ಆ ಪಾತ್ರಕ್ಕೆ ಕಳಿಸಬೇಡಿ. ಎಲ್ಲದಕ್ಕೂ ಕಳಿಸುವವರ ಹೆಸರನ್ನು ಅವರು ಓದುವುದನ್ನೇ ನಿಲ್ಲಿಸುತ್ತಾರೆ.

ಉತ್ತರವೇ ಬರುವುದಿಲ್ಲವಲ್ಲ?

ಬರುವುದಿಲ್ಲ. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಯಾವ ದಿನ, ಯಾರಿಗೆ, ಯಾವ ಪಾತ್ರಕ್ಕೆ ಕಳಿಸಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನನ್ನ ಪುಸ್ತಕದಲ್ಲಿ ನಲವತ್ತೊಂದನೇ ಸಾಲಿಗೆ ಮೊದಲ ಕರೆ ಬಂತು. ಅದೂ ನಾನು ಕೇಳಿದ ಪಾತ್ರಕ್ಕಲ್ಲ, ಹಳೆಯ ವಿಡಿಯೊ ನೋಡಿ ಬೇರೆ ಚಿತ್ರಕ್ಕೆ ಕರೆದರು.

ಬೆಂಗಳೂರಿಗೆ ಆಡಿಷನ್‌ಗೆ ಕರೆದರೆ?

ಮೈಸೂರಿನಿಂದ ರೈಲಿನಲ್ಲಿ ಎರಡೂವರೆ, ಮೂರು ಗಂಟೆ. ಮಂಡ್ಯದಿಂದ ಇನ್ನೂ ಕಡಿಮೆ. ಬೆಳಗಿನ ಹೊತ್ತು ಕರೆದರೆ ಮೊದಲ ರೈಲು ಹಿಡಿಯಿರಿ. ಬಸ್ಸಿನಲ್ಲಾದರೆ ಮೈಸೂರು ರಸ್ತೆ ಕಡೆಯಿಂದ ಊರೊಳಗೆ ಹೋಗುವಷ್ಟರಲ್ಲೇ ಒಂದು ಗಂಟೆ ಹೋಗಬಹುದು. ಸಂಭಾಷಣೆ ಮೊದಲೇ ಕಳಿಸಿದ್ದರೆ ಬಾಯಿಪಾಠ ಮಾಡಿಕೊಂಡು ಹೋಗಿ. ಅವರು “ಇನ್ನೊಂದು ಥರ ಮಾಡಿ” ಅಂದರೆ ಮೊದಲು ಮಾಡಿದ್ದು ಕೆಟ್ಟಿತ್ತು ಅಂತ ಅರ್ಥ ಅಲ್ಲ. ಹೇಳಿದ್ದನ್ನು ಕೇಳಿ ಬದಲಿಸಬಲ್ಲಿರಾ ಅಂತ ನೋಡುತ್ತಿರುತ್ತಾರೆ.

ಮಗಳು ಆಡಿಷನ್‌ಗೆ ಹೋಗುತ್ತೇನೆ ಅನ್ನುತ್ತಾಳೆ. ಭಯ ಆಗುತ್ತದೆ.

ಭಯ ಸಹಜ. ತಡೆಯಬೇಡಿ, ಜೊತೆಗೆ ಹೋಗಿ. ಆಡಿಷನ್ ಹಗಲು ಹೊತ್ತು, ಆಫೀಸಿನಲ್ಲಿ ಅಥವಾ ಸ್ಟುಡಿಯೊದಲ್ಲಿ ಇರಬೇಕು. ಹೋಟೆಲ್ ರೂಮಿಗೆ, ಯಾರದೋ ಫ್ಲ್ಯಾಟಿಗೆ ಕರೆದರೆ ಹೋಗುವುದು ಬೇಡ. ಜೊತೆಗೆ ಯಾರೂ ಬರಬಾರದು ಅಂದರೂ ಬೇಡ. ಮೈ ಅಳತೆ, ಈಜುಡುಗೆಯ ಫೋಟೋ, ರಾತ್ರಿ ವಿಡಿಯೊ ಕಾಲ್ ಇವು ಪಾತ್ರ ಆರಿಸಲು ಬೇಕಾದವಲ್ಲ. ಆ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಸಿನಿಮಾ ಸೆಟ್‌ಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಇಲ್ಲದಿದ್ದರೆ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇದೆ. ದೂರು ಕೊಡಲು ಮೂರು ತಿಂಗಳ ಅವಧಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಒಂದು ದಿನದ ಪಾತ್ರ ಮಾಡಲು ಬಂದವಳಿಗೂ ಈ ಹಕ್ಕು ಇದೆ. ಸಂಘದ ಕಾರ್ಡ್ ಇಲ್ಲ ಅಂತ ಯಾರೂ ಬಾಯಿ ಮುಚ್ಚಿಸುವಂತಿಲ್ಲ.

ಮಗುವನ್ನು ನಟನೆಗೆ ಕಳಿಸಬಹುದಾ?

ಕಳಿಸಬಹುದು, ನಿಯಮಗಳು ಬಿಗಿಯಾಗಿವೆ. 2017ರಲ್ಲಿ ತಿದ್ದಿದ ಬಾಲಕಾರ್ಮಿಕ ನಿಯಮದ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಸತತವಾಗಿ 27 ದಿನ ಮೀರುವಂತಿಲ್ಲ. ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕಡಿಮೆ ಅಂದರೂ ಶೇ 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಒತ್ತಾಯ ಮಾಡುವಂತಿಲ್ಲ. ಈ ಕೊನೆಯದನ್ನು ಅಪ್ಪ ಅಮ್ಮಂದಿರು ಎರಡು ಸಲ ಓದಿ.

ದುಡ್ಡಿನ ಮಾತು ಯಾವಾಗ ಆಡುವುದು?

ಪಾತ್ರಕ್ಕೆ ಆಯ್ಕೆ ಆದ ಮೇಲೆ, ಶೂಟಿಂಗ್‌ಗೆ ಮೊದಲು. ದಿನಕ್ಕೆ ಎಷ್ಟು, ಎಷ್ಟು ದಿನ, ಬ್ಯಾಟಾ (ದಿನದ ಭತ್ಯೆ) ಬೇರೆ ಇದೆಯಾ, ಓಡಾಟದ ಖರ್ಚು ಯಾರದು, ಡಬ್ಬಿಂಗ್‌ಗೆ ಬಂದರೆ ಅದಕ್ಕೂ ಸೇರಿದೆಯಾ, ಹಣ ಯಾವಾಗ ಸಿಗುತ್ತದೆ. ಸಾಮಾನ್ಯವಾಗಿ ಇದನ್ನು ಮಾತಾಡುವವರು ಪ್ರೊಡಕ್ಷನ್ ಮ್ಯಾನೇಜರ್. ಸಿನಿಮಾ ಕಾರ್ಮಿಕರಿಗೆ ಬರವಣಿಗೆಯಲ್ಲಿ ಒಪ್ಪಂದ ಇರಬೇಕು ಅಂತ 1981ರ ಕಾನೂನೇ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ. ಸಣ್ಣ ಪಾತ್ರಕ್ಕೆ ಬಹಳಷ್ಟು ಕಡೆ ಕಾಗದ ಕೊಡುವುದಿಲ್ಲ. ಆಗ ಮಾತಾಡಿದ್ದನ್ನೆಲ್ಲ ನೀವೇ ವಾಟ್ಸಾಪ್‌ನಲ್ಲಿ ಬರೆದು, “ಇದೇ ತಾನೆ ಸರ್?” ಅಂತ ಕಳಿಸಿ. ಅವರು “ಓಕೆ” ಅಂದರೆ ಅದೂ ಒಂದು ಆಧಾರ.

ಪ್ಯಾನ್ ಕಾರ್ಡ್ ಇರಲಿ. ಮೊತ್ತ ದೊಡ್ಡದಾದರೆ ಶೇ 10 ಟಿಡಿಎಸ್, ಅಂದರೆ ತೆರಿಗೆ, ಮೊದಲೇ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20. ಸರ್ಕಾರಿ ನೌಕರರಾದರೆ ಒಪ್ಪಿಕೊಳ್ಳುವ ಮೊದಲೇ ಇಲಾಖೆಯ ಅನುಮತಿ ತೆಗೆದುಕೊಳ್ಳಿ.

ತರಬೇತಿ ಬೇಕೇ ಬೇಕಾ?

ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ಕಲಿಕೆ ಬೇಕು. ಒಂದು ವರ್ಷ ಕೊಡಬಲ್ಲ ಯುವಕರಿಗೆ ರಂಗಾಯಣದ ರಂಗಶಿಕ್ಷಣ ಕೇಂದ್ರದ ಡಿಪ್ಲೊಮಾ ಇದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಸಂಸಾರ, ಕೆಲಸ ಇರುವವರು ಯಾವುದಾದರೂ ಹವ್ಯಾಸಿ ತಂಡಕ್ಕೆ ಸಂಜೆ ಹೋಗಿ. ಮೊದಲ ವರ್ಷ ಪರದೆ ಎಳೆಯಲು ಹೇಳಿದರೂ ಎಳೆಯಿರಿ. ರಿಹರ್ಸಲ್ ನೋಡುತ್ತಾ ಕೂತವರಿಗೆ ಬರುವಷ್ಟು ನಟನೆ, ದೊಡ್ಡ ದುಡ್ಡು ಕಟ್ಟಿ ಕಲಿತವರಿಗೂ ಬರುವುದಿಲ್ಲ ಅನ್ನುವುದು ನನ್ನ ಅನುಭವ.

ಪಾತ್ರ ಸಿಕ್ಕಿತು. ಶೂಟಿಂಗ್ ದಿನ ಏನು ನೆನಪಿಡಬೇಕು?

ಆರು ಗಂಟೆ ಅಂದರೆ ಐದೂಮುಕ್ಕಾಲಿಗೆ ಅಲ್ಲಿರಿ. ಮೇಲುಕೋಟೆ, ಶ್ರೀರಂಗಪಟ್ಟಣ, ಮಹದೇವಪುರದ ಕಡೆ ಲೊಕೇಷನ್ ಇದ್ದರೆ ಅಷ್ಟು ಹೊತ್ತಿಗೆ ಬಸ್ ಇರುವುದಿಲ್ಲ, ಗಾಡಿ ವ್ಯವಸ್ಥೆ ಹಿಂದಿನ ದಿನವೇ ಕೇಳಿ. ಕುಡಿಯುವ ನೀರು, ಒಂದು ಟವೆಲ್, ನಿಮ್ಮ ಮಾತ್ರೆ ಜೊತೆಗಿರಲಿ. ನಿಮ್ಮ ಸರದಿ ಸಂಜೆ ನಾಲ್ಕಕ್ಕೆ ಬರಬಹುದು. ಅಲ್ಲಿವರೆಗೂ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲೇ ಕೂತಿರಿ. ನಟರ ಜೊತೆ ಸೆಲ್ಫಿ, ಸೆಟ್‌ನ ವಿಡಿಯೊ ಬೇಡ.

ಒಳಾಂಗಣ ಸೆಟ್ ಆದರೆ ಹೋದ ತಕ್ಷಣ ಹೊರಗೆ ಹೋಗುವ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. 1989ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಸ್ಟುಡಿಯೊದ ಬೆಂಕಿಯಲ್ಲಿ 60ಕ್ಕೂ ಹೆಚ್ಚು ಜನ ತೀರಿಕೊಂಡರು. ನಾನು ಈಗಲೂ ಯಾವ ಫ್ಲೋರ್‌ಗೆ ಹೋದರೂ ಮೊದಲು ಬಾಗಿಲು ನೋಡುತ್ತೇನೆ.

ಕೆಲಸ ಮುಗಿದು ಬಟ್ಟೆ ಬಿಚ್ಚುವ ಮೊದಲು ಒಂದು ಫೋಟೋ ತೆಗೆಸಿಕೊಳ್ಳಿ. ಪಂಚೆ ಎಷ್ಟು ಎತ್ತಿ ಕಟ್ಟಿತ್ತು, ವಾಚು ಯಾವ ಕೈಯಲ್ಲಿತ್ತು ಅಂತ ಗೊತ್ತಿರಲಿ. ಅದೇ ದೃಶ್ಯದ ಉಳಿದ ಭಾಗಕ್ಕೆ ತಿಂಗಳ ಮೇಲೆ ಕರೆಯಬಹುದು. ಅಲ್ಲಿವರೆಗೂ ಗಡ್ಡ, ಮೀಸೆ, ತಲೆಕೂದಲು ಹಾಗೇ ಇರಬೇಕು. ಮಧ್ಯೆ ಮನೆದೇವರಿಗೆ ಮುಡಿ ಕೊಡುವ ಹರಕೆ ಇದ್ದರೆ ಮೊದಲು ಸಹ ನಿರ್ದೇಶಕರಿಗೆ ಒಂದು ಫೋನ್ ಮಾಡಿ ಕೇಳಿ.